ಇಲ್ಲ, ಜಾರ್ಜ್ ನನ್ನ ಸಂಬಂಧಿ ಅಲ್ಲ

ನನ್ನ ಸರ್‌ನೇಮ್ ಫರ್ನಾಂಡಿಸ್. ಊರು ಮಂಗಳೂರು. ಇರುವುದು ಮುಂಬೈಯಲ್ಲಿ. ಈ ಮೂರೂ ಒಟ್ಟಿಗೆ ಬಾಯಿಂದ ಬಿದ್ದರೆ ಮುಗಿಯಿತು. "ಓಹೋ, ಜಾರ್ಜ್ ಫರ್ನಾಂಡಿಸ್ ನಿಮಗೆ ಏನಾಗ್ಬೇಕು?" ಮುಂಬೈಯ ಕಾರ್ಮಿಕ ನಾಯಕ, ಆಮೇಲೆ ಕೇಂದ್ರ ಮಂತ್ರಿಯಾದ ಆ ಜಾರ್ಜ್ ನನಗೆ ಏನೂ ಆಗಬೇಕಿಲ್ಲ. ಬಿಜೈ ಇಗರ್ಜಿಯಲ್ಲಿ ಪೂಜೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು "ಫರ್ನಾಂಡಿಸ್" ಎಂದು ಕೂಗಿ ನೋಡಿ, ಎಷ್ಟು ಜನ ತಿರುಗುತ್ತಾರೆ ಅಂತ. ಪ್ರಶ್ನೆ ಅಲ್ಲಿಗೇ ನಿಂತರೆ ನನ್ನದೇನೂ ತಕರಾರಿಲ್ಲ. ನಿಲ್ಲುವುದಿಲ್ಲ. "ಅಲ್ಲಾ, ಅಷ್ಟು ದೊಡ್ಡ ಸಮಾಜವಾದಿ, ಕೊನೆಗೆ ಬಿಜೆಪಿ ಜೊತೆ ಯಾಕೆ ಹೋದ್ರು?"

ಈಚೆಗೆ ಡೊಂಬಿವಿಲಿಯಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಯಲ್ಲಿ ನಮ್ಮ ಕಡೆಯವರೇ ಒಬ್ಬ ನಿವೃತ್ತರು, ಹೆಸರು ಬೇಡ. ಇದೇ ಪ್ರಶ್ನೆ ಎತ್ತಿದರು. ನಾನು ತುತ್ತು ನುಂಗಿ ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಬಡಿಸಿಬಿಟ್ಟರು: "ಕುರ್ಚಿ ಮಾರಾಯ್ರೇ, ಕುರ್ಚಿ!" ಉತ್ತರ ಕಿಸೆಯಲ್ಲೇ ಇಟ್ಟುಕೊಂಡು ಬಂದವರಿಗೆ ಪ್ರಶ್ನೆ ಯಾಕೆ ಬೇಕು? ನನ್ನ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುವುದು, ಊಟ ಮುಂದುವರಿಸುವುದು.

ಮೊದಲನೆಯದಾಗಿ, ಅದು ಕೊನೆಗಾಲದಲ್ಲಿ ಬಂದ ಬುದ್ಧಿ ಅಲ್ಲ ಸ್ವಾಮಿ. ಕಾಂಗ್ರೆಸ್ಸನ್ನು ಕೆಡವಬೇಕಾದರೆ ಉಳಿದವರೆಲ್ಲ ಒಟ್ಟಾಗಬೇಕು ಎನ್ನುವುದು ಸಮಾಜವಾದಿಗಳ ಗುರು ರಾಮಮನೋಹರ ಲೋಹಿಯಾ ಕಾಲದ ಪಾಠ. 1977ರ ಮೊರಾರ್ಜಿ ಸಂಪುಟದಲ್ಲಿ ವಾಜಪೇಯಿ, ಅಡ್ವಾಣಿ, ಜಾರ್ಜ್ ಮೂವರೂ ಮಂತ್ರಿಗಳು. ಆ ಪಾಠ ಹಗೆಯಾಗಿ ಬದಲಾದದ್ದು ತುರ್ತುಪರಿಸ್ಥಿತಿಯಲ್ಲಿ. 1974ರ ಮೇ 8ರಿಂದ ದೇಶದ ರೈಲು ನಿಲ್ಲಿಸಿ ಕೂತ ಮನುಷ್ಯ, ಮರುವರ್ಷ ಗಡ್ಡ ಬಿಟ್ಟು ಭೂಗತನಾದರು. ಅಣ್ಣ ಎಲ್ಲಿ ಅಂತ ಕೇಳಿ ಕೇಳಿ ಬೆಂಗಳೂರಿನಲ್ಲಿ ಪೊಲೀಸರು ತಮ್ಮ ಲಾರೆನ್ಸ್‌ಗೆ ಚಿತ್ರಹಿಂಸೆ ಕೊಟ್ಟರು. ಸ್ಫೋಟಕ್ಕೆ ಸಂಚು ಮಾಡಿದರೆಂದು ಜಾರ್ಜ್ ಮತ್ತು ಸಂಗಡಿಗರ ಮೇಲೆ ಹೂಡಿದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲೇ ಹಿಡಿದು ಬೆಂಗಳೂರು ಜೈಲಿಗೆ ಹಾಕಿದ್ದ ನಟಿ ಸ್ನೇಹಲತಾ ರೆಡ್ಡಿ, ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1976ರ ಜೂನ್‌ನಲ್ಲಿ ಜಾರ್ಜ್ ಕೂಡ ಕಲ್ಕತ್ತದಲ್ಲಿ ಸಿಕ್ಕಿಬಿದ್ದರು. ಕೋಳ ತೊಟ್ಟ ಕೈ ಎತ್ತಿ ನಿಂತ ಆ ಫೋಟೋ ನೀವೆಲ್ಲ ನೋಡಿದ್ದೀರಿ. ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಇಷ್ಟೆಲ್ಲ ಕಂಡವರು ಮತ್ತೆ ಕಾಂಗ್ರೆಸ್ ಮನೆ ಬಾಗಿಲು ತಟ್ಟುತ್ತಾರೆಯೇ?

ಇನ್ನೊಂದು, ಬಿಹಾರದ ಲೆಕ್ಕ. 1994ರಲ್ಲಿ ಲಾಲು ಅವರಿಂದ ಬೇರೆಯಾಗಿ ನಿತೀಶ್ ಜೊತೆ ಸಮತಾ ಪಕ್ಷ ಕಟ್ಟಿದರು. ಮರುವರ್ಷದ ವಿಧಾನಸಭೆ ಚುನಾವಣೆಯಲ್ಲಿ ಸಿಕ್ಕಿದ್ದು 7 ಸ್ಥಾನ. ಏಳು! 1996ರಲ್ಲಿ ಬಿಜೆಪಿ ಕೈ ಹಿಡಿದರು. ಅತ್ತ ಕಾಂಗ್ರೆಸ್, ಇತ್ತ ಲಾಲು. ನಡುವೆ ಉಳಿದ ಬಾಗಿಲು ಅದೊಂದೇ. ಕುರ್ಚಿಯ ಆಸೆ ಇರಲಿಲ್ಲವೇ? ಇತ್ತು, ಯಾರಿಗಿಲ್ಲ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಎದೆತಟ್ಟಿ ಸಮರ್ಥಿಸಿ, ಕೆಲವೇ ದಿನದಲ್ಲಿ ಅದೇ ಸರ್ಕಾರ ಬಿಟ್ಟು ಹೊರನಡೆದವರೂ ಇವರೇ. 2002ರಲ್ಲಿ ಗುಜರಾತಿನ ಹಿಂಸೆಯ ಬಗ್ಗೆ, ಇಂಥದ್ದೆಲ್ಲ ಹಿಂದೆಯೂ ನಡೆದಿಲ್ಲವೇ ಎನ್ನುವ ಧಾಟಿಯಲ್ಲಿ ಸದನದಲ್ಲಿ ಮಾತಾಡಿದರಲ್ಲ, ಅದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಹುಡುಕಲೂ ಹೋಗಿಲ್ಲ. ನಾನೇನು ಅವರ ವಕೀಲನೇ?

ಮದುವೆ ಮನೆಯ ಆ ನಿವೃತ್ತರು ಅಲ್ಲಿಗೂ ಬಿಡಲಿಲ್ಲ. "ಊರಿಗೆ ಎಂತ ಮಾಡಿದ್ರು ಹೇಳಿ?" ಇವರು ಪ್ರತಿ ಬೇಸಗೆಗೆ ಊರಿಗೆ ಹೋಗುವುದು ಮತ್ಸ್ಯಗಂಧ ರೈಲಿನಲ್ಲಿ, ಸೀನಿಯರ್ ಲೋವರ್ ಬರ್ತಿನಲ್ಲಿ. ಆ ಹಳಿ ಮೇಲಿಂದ ಉದುರಿತು ಅಂದುಕೊಂಡಿದ್ದಾರೇನೋ. ಜಾರ್ಜ್ ರೈಲ್ವೆ ಮಂತ್ರಿಯಾಗಿದ್ದದ್ದು ಒಂದು ವರ್ಷವೂ ಇಲ್ಲ. ಬಜೆಟ್ಟಿನ ದುಡ್ಡಿಗೆ ಕಾದರೆ ಮೊಮ್ಮಕ್ಕಳ ಕಾಲವಾದೀತು ಎಂದು 1990ರಲ್ಲಿ ಕೊಂಕಣ ರೈಲ್ವೆಗೆಂದೇ ಬೇರೆ ನಿಗಮ ಮಾಡಿಸಿದರು. ಆಗ ನೂರಕ್ಕೆ ರೈಲ್ವೆಯದು 51 ಪಾಲು, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ, ಕೇರಳ ತಲಾ 6. ಈ ಪಾಲುಬಂಡವಾಳ ಸಾಲದ್ದಕ್ಕೆ ಉಳಿದ ದುಡ್ಡು ಬಾಂಡ್ ಮಾರಿ. ಮೇಲೆ ಕೂರಿಸಿದ್ದು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರನ್ನು. ಆಗಿನ ಹಣಕಾಸು ಮಂತ್ರಿ ಮಧು ದಂಡವತೆ ಕೊಂಕಣದಿಂದಲೇ ಗೆದ್ದ ಸಂಸದರಾಗಿದ್ದು ಅನುಕೂಲವಾಯಿತು ಅನ್ನಿ. 1998ರ ಜನವರಿಯಲ್ಲಿ ಪೂರ್ತಿ ದಾರಿ ತೆರೆಯಿತು. ಅದಕ್ಕೆ ಮೊದಲು ಘಾಟಿ ಹತ್ತಿಳಿಯುವ ಬಸ್ಸಿನ ಕಿಟಕಿಯಲ್ಲಿ ವಾಂತಿ ಮಾಡಿಕೊಂಡು ಊರು ಸೇರಿದವರು ನಾವು. ಹಿರಿಯರೂ ಸೇರಿದ್ದರು, ಮರೆತಿದ್ದಾರೆ.

ಯಾರಾದರೂ ಒಬ್ಬರು ಬೇರೆ ಪ್ರಶ್ನೆ ಕೇಳಲಿ ಅಂತ ನನಗಾಸೆ: ಮುಂಬೈ ಬಂದ್ ಮಾಡಿಸುತ್ತಿದ್ದ ಮನುಷ್ಯ ಬ್ಯಾಂಕ್ ಯಾಕೆ ಕಟ್ಟಿದರು? 1967ರ ಲೋಕಸಭೆ ಚುನಾವಣೆಯಲ್ಲಿ ಮುಂಬೈಯ ಕಾಂಗ್ರೆಸ್ ದಿಗ್ಗಜ ಎಸ್.ಕೆ. ಪಾಟೀಲರನ್ನು ಸೋಲಿಸಿದ ಕತೆ ಎಲ್ಲರ ಬಾಯಲ್ಲೂ ಇದೆ. ಮರುವರ್ಷ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ತೆರೆದದ್ದು ಯಾರಿಗೂ ನೆನಪಿಲ್ಲ. ಟ್ಯಾಕ್ಸಿಯವರ ಯೂನಿಯನ್ ಅವರ ಕೈಯಲ್ಲಿತ್ತು. ಗಾಡಿ ಸೇಟುವಿನದು, ದಿನದ ಬಾಡಿಗೆ ಕಟ್ಟಿ ಮಿಕ್ಕಿದ್ದು ಡ್ರೈವರಿನದು. ಅವನಿಗೆ ಸಾಲ ಯಾರು ಕೊಡುತ್ತಾರೆ? ಅಡವಿಡಲು ಊರಲ್ಲಿ ಜಾಗವಿಲ್ಲ, ಇಲ್ಲಿ ಖೋಲಿಯೂ ಸ್ವಂತದ್ದಲ್ಲ. ಸಂಬಳ ಹೆಚ್ಚಿಸಿ ಎಂದು ಘೋಷಣೆ ಕೂಗೋಣವೆಂದರೆ ಇವನಿಗೆ ಸಂಬಳವೇ ಇಲ್ಲ. ಗಾಡಿ ಅವನದ್ದಾದರೆ ಮಾತ್ರ ಬದುಕು ಬದಲಾಗುತ್ತದೆ. ಬ್ಯಾಂಕ್ ಹುಟ್ಟಿದ್ದು ಅಲ್ಲಿ. ಅಪ್ಪನ ಸ್ನೇಹಿತರೊಬ್ಬರ ಪಾಸ್‌ಬುಕ್ ನಾನು ನೋಡಿದ್ದೇನೆ. ಕಂತು ಕಂತಿಗೂ ನೇರಳೆ ಸೀಲು, ಕೆಲವು ಕಡೆ ಹತ್ತಾರು ರೂಪಾಯಿಯ ಕಟ್ಟುವಿಕೆ, ಮಳೆಗಾಲದ ತಿಂಗಳುಗಳಲ್ಲಿ ಖಾಲಿ ಸಾಲು. ಫಿಯೆಟ್ ಅವರ ಹೆಸರಿಗಾದ ದಿನ ಬಾನೆಟ್ಟಿಗೆ ಹಾಕಿದ ಚೆಂಡುಹೂವಿನ ಮಾಲೆಯ ಒಂದು ಎಸಳು ಅದೇ ಪುಸ್ತಕದಲ್ಲಿ ಒಣಗಿ ಅಂಟಿಕೊಂಡಿತ್ತು.

ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿಗೆ ಹೋದ ಹುಡುಗ, ಅಲ್ಲಿ ಗುರುಗಳ ಮೇಜಿನ ಊಟವೇ ಬೇರೆ, ಹುಡುಗರದ್ದೇ ಬೇರೆ ಎಂದು ಕಂಡು ಬಿಟ್ಟುಬಂದವರು. ಮಂಗಳೂರಿಗೆ ಮರಳಿ ಸಮಾಜವಾದಿ ಮುಖಂಡ ಅಮ್ಮೆಂಬಳ ಬಾಳಪ್ಪನವರ ಗರಡಿಯಲ್ಲಿ ಹೋಟೆಲು, ಬಸ್ಸಿನ ಕೆಲಸಗಾರರನ್ನು ಒಟ್ಟುಮಾಡಿದವರು. ಮುಂಬೈಗೆ ಬಂದ ಹೊಸತರಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದವರು. ಸಾಲ ಹುಟ್ಟದವನ ಕಷ್ಟ ಅವರಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ. ಇದನ್ನು ಕೇಳಿ, ಹೋಳಿಗೆ ಬಿಟ್ಟು ಮಾತಾಡುತ್ತೇನೆ.

ಆ ಬ್ಯಾಂಕೇ ಆಮೇಲೆ ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕ್ ಆಯಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹಾಕಿತು, ಠೇವಣಿದಾರರು ಶಾಖೆಗಳ ಮುಂದೆ ಸಾಲುಗಟ್ಟಿದರು. ಜಾರ್ಜ್ ತೀರಿಕೊಂಡು ಆಗಲೇ ಆರು ವರ್ಷ. ಆ ವಾರ ಆಫೀಸಿನ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ಸರ್, ನಿಮ್ಮವರ ಬ್ಯಾಂಕಂತಲ್ಲ, ಅಮ್ಮನ ದುಡ್ಡು ವಾಪಸ್ ಬರುತ್ತಾ?" ಎಂದ. ಅವನ ಮೇಲೆ ಮಾತ್ರ ರೇಗಲಾಗಲಿಲ್ಲ. ಐದು ಲಕ್ಷದವರೆಗೆ ವಿಮೆ ಇದೆ ಮಾರಾಯ, ಹೋಗಿ ಫಾರಂ ತುಂಬು ಅಂದೆ.