ಮರಿ ಕೇಳುವವರಿಗೆ ನಾನು ಕೇಳುವ ಪ್ರಶ್ನೆಗಳು

ಬೆಕ್ಕಿನ ಮರಿಗಳ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ನೋಡಿ, ಸ್ವಲ್ಪ ಹೊತ್ತಿಗೇ "ನಂಗೊಂದು ಇಟ್ಟಿರಿ" ಅಂತ ಮೆಸೇಜ್‌ಗಳು ಶುರುವಾಗುತ್ತವೆ. ಹಳೇ ಕ್ಲಾಸ್‌ಮೇಟ್, ಆಫೀಸಿನವರು, ಎದುರು ಮನೆ ಆಂಟಿಯ ಅಣ್ಣನ ಮಗ, ಎಲ್ಲರಿಗೂ ಬೇಕು. ಆದರೆ ಬೇಕು ಅನ್ನುವವರೆಲ್ಲ ಸಾಕುವುದಿಲ್ಲ. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಬೆಕ್ಕು 15 ವರ್ಷ ಬದುಕುತ್ತದೆ, ಕೆಲವು ಇನ್ನೂ ಜಾಸ್ತಿ. ಏಳನೇ ಕ್ಲಾಸಿನ ಮಗಳು ಹಟ ಮಾಡಿದಳು ಅಂತ ತಂದ ಮರಿ, ಅವಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅದೇ ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಗೇ ಅರ್ಧ ಜನ ಸುಮ್ಮನಾಗುತ್ತಾರೆ.

ಈ ಸಲ ನಮ್ಮ ಬೀದಿಯ ಬೆಕ್ಕು ನಮ್ಮ ಟೆರೇಸಿನ ಶೀಟಿನ ಕೆಳಗೆ, ಹಳೇ ಸಾಮಾನಿನ ಮಧ್ಯೆ ನಾಲ್ಕು ಮರಿ ಹಾಕಿತು. ಎರಡು ಕೇಸರಿ ಗಂಡು, ಒಂದು ಬೂದು ಪಟ್ಟೆಯದು, ಒಂದು ಕಪ್ಪು. ಕಣ್ಣು ಬಿಟ್ಟು ಓಡಾಡಲು ಶುರು ಮಾಡಿದ ಕೂಡಲೇ "ಈಗ್ಲೇ ಕೊಡಿ, ಚಿಕ್ಕದಿದ್ದಾಗಲೇ ಒಗ್ಗಿಕೊಳ್ಳೋದು" ಅಂತ ಒತ್ತಾಯ. ನಾನು ಕೊಡುವುದಿಲ್ಲ. ಎಂಟು ವಾರ ತುಂಬುವವರೆಗೆ ಮರಿ ತಾಯಿ ಹತ್ತಿರವೇ ಇರಬೇಕು. ಹಾಲು ಒಂದೇ ಅಲ್ಲ, ಕಚ್ಚುವಾಗ ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನೂ ಅದು ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದಲೇ ಕಲಿಯುತ್ತದೆ. ಒಗ್ಗಿಕೊಳ್ಳುವ ವಿಷಯ ನಿಜ. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ, ಮಾತು, ಮಿಕ್ಸಿ ಸದ್ದು ಎಲ್ಲ ಪರಿಚಯವಾದರೆ ಆಮೇಲೆ ಹೆದರುವುದು ಕಡಿಮೆ. ಅದಕ್ಕೆ ತಾಯಿಯನ್ನು ಬಿಡಿಸಬೇಕಾಗಿಲ್ಲ, ದಿನಾ ನಾವೇ ಹತ್ತಿರ ಕೂತು ಎತ್ತಿ ಆಡಿಸಿದರೆ ಸಾಕು. ಬೇಗ ಒಯ್ದವರ ಮನೆಯಲ್ಲಿ ನಡೆಯುವುದು ಇಷ್ಟೇ: ಬಟ್ಟಲಲ್ಲಿ ಹಸುವಿನ ಹಾಲು ಇಡುತ್ತಾರೆ, ಮರಿಗೆ ಭೇದಿ ಶುರುವಾಗುತ್ತದೆ, ಅಷ್ಟು ಸಣ್ಣ ಜೀವ ಒಣಗಿಹೋಗಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಜಂತಿನ ಔಷಧಿ ಮತ್ತು ಮೊದಲ ಲಸಿಕೆ ಹಾಕಿಸಿಯೇ ಕೊಡುತ್ತೇನೆ. ಮೊದಲ ಲಸಿಕೆ ಎಂಟು ವಾರದ ಹೊತ್ತಿಗೆ, ಮೂರ್ನಾಲ್ಕು ವಾರ ಬಿಟ್ಟು ಬೂಸ್ಟರ್, ಮೂರು ತಿಂಗಳಾದ ಮೇಲೆ ರೇಬಿಸ್‌ಗೆ ಇನ್ನೊಂದು. ಬೂಸ್ಟರ್‌ನಿಂದ ಮುಂದಿನದು ಒಯ್ದವರ ಖರ್ಚು. ಆ ಖರ್ಚಿನ ಮಾತು ಬಂದಾಗ ಹಿಂದೆ ಸರಿಯುವವರು ಸರಿಯಲಿ, ನಾಳೆ ಹುಷಾರು ತಪ್ಪಿದಾಗ ಡಾಕ್ಟರ ಹತ್ತಿರ ಹೋಗುವವರು ಯಾರು ಅಂತ ಈಗಲೇ ಗೊತ್ತಾಗುತ್ತದೆ. ಇದರ ಜೊತೆಗೆ ಕೇಳಲು ಕಷ್ಟವಾಗುವ ಒಂದು ಪ್ರಶ್ನೆ ಇದೆ: "ನಿಮ್ಮ ಮನೆಯಲ್ಲಿ ಈಚೆಗೆ ಬೆಕ್ಕು ಏನಾದರೂ ತೀರಿಕೊಂಡಿತಾ?" ಪಾಪ, ಅದೇ ದುಃಖದಲ್ಲಿ ಇನ್ನೊಂದು ಮರಿ ಕೇಳಲು ಬಂದಿರುತ್ತಾರೆ. ಆದರೂ ಕೇಳಲೇಬೇಕು. ಬೆಕ್ಕಿನ ಪಾರ್ವೊ ಅಂತ ಜನ ಕರೆಯುವ ಪ್ಯಾನ್‌ಲ್ಯುಕೊಪೀನಿಯಾ ಅನ್ನುವ ಅಂಟುರೋಗದಿಂದ ಮರಿ ಸತ್ತ ಮನೆಯಲ್ಲಿ ಆ ವೈರಸ್ ಒಂದು ವರ್ಷದವರೆಗೂ ಉಳಿಯಬಲ್ಲದು, ಫಿನಾಯಿಲ್ ಹಾಕಿ ಒರೆಸಿದರೆ ಹೋಗುವುದಿಲ್ಲ, ಬ್ಲೀಚ್ ಬೇಕು. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಮರಿ ಹೋಗಬಾರದು. ಅವರು ಎಷ್ಟೇ ಒಳ್ಳೆಯವರಾಗಿರಲಿ.

ಬೆಂಗಳೂರಿನ ಮಟ್ಟಿಗೆ ನಾನು ಜಾಸ್ತಿ ಹೆದರುವುದು ಬಾಲ್ಕನಿಗೆ. ಐದನೇ ಮಹಡಿ, ಏಳನೇ ಮಹಡಿ, ಎದುರಿಗೆ ಪಾರಿವಾಳ ಕೂತಿರುತ್ತದೆ, ಬೆಕ್ಕಿಗೆ ಅದನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. "ಬೆಕ್ಕಲ್ವಾ, ಬಿದ್ರೂ ಕಾಲ ಮೇಲೇ ನಿಲ್ಲುತ್ತೆ" ಅನ್ನುತ್ತಾರೆ. ಕಾಲ ಮೇಲೆ ಬಿದ್ದ ಬೆಕ್ಕಿಗೂ ದವಡೆ ಒಡೆಯುತ್ತದೆ, ಎದೆಗೆ ಪೆಟ್ಟು ಬೀಳುತ್ತದೆ, ಕಾಲು ಮುರಿಯುತ್ತದೆ. ಬಾಲ್ಕನಿಯ ವಿಡಿಯೊ ಕಳಿಸಿ ಅಂತ ಕೇಳುತ್ತೇನೆ, ಸಾಧ್ಯವಾದರೆ ಹೋಗಿ ನೋಡುತ್ತೇನೆ. ಪಾರಿವಾಳಕ್ಕೆ ಅಂತ ಕಟ್ಟಿಸಿದ ನೈಲಾನ್ ನೆಟ್ ಇದ್ದರೆ ಮೂಲೆಗಳನ್ನು ಎಳೆದು ನೋಡಬೇಕು. ಹೊರಗಿನ ಹಕ್ಕಿಯನ್ನು ತಡೆಯುವುದೇ ಬೇರೆ, ಒಳಗಿನಿಂದ ಹತ್ತುವ, ಹಲ್ಲಿನಿಂದ ಕಡಿಯುವ ಬೆಕ್ಕನ್ನು ತಡೆಯುವುದೇ ಬೇರೆ. ಸ್ಟೀಲ್ ಮೆಶ್ ಆದರೆ ಒಳ್ಳೆಯದು. ಬೂದು ಪಟ್ಟೆಯ ಮರಿಯನ್ನು ಕೇಳಿದ ದಂಪತಿಗೆ ಇದನ್ನು ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳದೆ ಮೊದಲು ಮೆಶ್ ಹಾಕಿಸಿ, ಫೋಟೊ ಕಳಿಸಿ, ಆಮೇಲೆ ಬುಟ್ಟಿ ಹಿಡಿದುಕೊಂಡು ಬಂದರು. ನನಗೆ ಬೇರೆ ಏನೂ ವಿಚಾರಿಸಬೇಕು ಅನ್ನಿಸಲಿಲ್ಲ, ಆದರೂ ವಿಚಾರಿಸಿದೆ.

ಬಾಡಿಗೆ ಮನೆಯವರಾದರೆ "ಓನರ್‌ಗೆ ಹೇಳಿದ್ದೀರಾ?" ಅಂತ ಕೇಳುತ್ತೇನೆ. ಮನೆ ಖಾಲಿ ಮಾಡುವಾಗ ಫ್ರಿಜ್, ಮಂಚ, ಗ್ಯಾಸ್ ಸಿಲಿಂಡರ್ ಎಲ್ಲ ಲಾರಿ ಹತ್ತುತ್ತವೆ, ಬೆಕ್ಕು ಮಾತ್ರ ಮುಚ್ಚಿದ ಬಾಗಿಲ ಮುಂದೆ ಕೂತಿರುತ್ತದೆ. ನಮ್ಮ ಬೀದಿಯ ಈ ತಾಯಿ ಬೆಕ್ಕೂ ಹಾಗೆ ಉಳಿದದ್ದೇ. ಹಸಿವು, ಬಾಯಾರಿಕೆಯಲ್ಲಿ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇಷ್ಟು ದಂಡವನ್ನು ನಂಬಿಕೊಂಡು ಒಂದು ಜೀವವನ್ನು ಕೊಡಲಾಗುವುದಿಲ್ಲ, ಆದ್ದರಿಂದ ಕೊಡುವ ಮೊದಲೇ ಗಟ್ಟಿಯಾಗಿ ಕೇಳಬೇಕು.

ಹೊಸದಾಗಿ ಮದುವೆಯಾದವರ ಹತ್ತಿರ ಇನ್ನೊಂದು ಮಾತನ್ನೂ ಬಿಡಿಸಿ ಹೇಳುತ್ತೇನೆ. ಸೊಸೆ ಬಸುರಿ ಅಂತ ಗೊತ್ತಾದ ದಿನವೇ ಮನೆಯ ದೊಡ್ಡವರು ಬೆಕ್ಕನ್ನು ಹೊರಗೆ ಕಳಿಸಿಬಿಡುತ್ತಾರೆ. ಭಯ ಸುಳ್ಳಲ್ಲ, ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಹೇಲಿನಿಂದ ಹರಡಬಲ್ಲದು. ಆದರೆ ಹೇಲಿನಲ್ಲಿ ಬಂದ ಅದರ ಮೊಟ್ಟೆ ರೋಗ ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಬೆಕ್ಕು ಹೇಲುವ ಲಿಟರ್ ತಟ್ಟೆಯನ್ನು ಗಂಡ ದಿನಾ ತೆಗೆದು ತೊಳೆದರೆ, ಬೆಕ್ಕಿಗೆ ಹಸಿ ಮಾಂಸ ಕೊಡದೆ ಮನೆಯೊಳಗೇ ಇಟ್ಟುಕೊಂಡರೆ, ಬೆಕ್ಕೂ ಇರಬಹುದು, ಮಗುವೂ ಬರಬಹುದು. ತಮ್ಮ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ ಬನ್ನಿ ಅನ್ನುತ್ತೇನೆ.

ಅಪರಿಚಿತರಿಗೆ ಬೇಡ ಅನ್ನುವುದು ಸುಲಭ. ಸಂಬಂಧಿಕರಿಗೆ ಹೇಳುವುದು ಕಷ್ಟ. ಶಿವಮೊಗ್ಗದ ಕಡೆ ಇರುವ ನಮ್ಮ ದೊಡ್ಡಪ್ಪ ಫೋನ್ ಮಾಡಿ, "ಎರಡು ಮರಿ ಇಟ್ಟಿರೇ, ಇಲಿ ಕಾಟ ತಡೆಯೋಕಾಗ್ತಿಲ್ಲ" ಅಂದರು.

"ದೊಡ್ಡಪ್ಪ, ಪಾಷಾಣ ಇಡ್ತೀರಾ?"

"ಇಡದೆ ಏನ್ ಮಾಡೋದು? ಅಟ್ಟದಲ್ಲಿ ಏನೂ ಉಳಿಯಲ್ಲ."

"ಹಾಗಾದ್ರೆ ಕೊಡಲ್ಲ ದೊಡ್ಡಪ್ಪ. ವಿಷ ತಿಂದ ಇಲೀನ ಬೆಕ್ಕು ತಿಂದ್ರೆ ಬೆಕ್ಕೂ ಹೋಗುತ್ತೆ."

ಅವರಿಗೆ ಕೋಪ ಬಂತು. ನಾವು ಸಣ್ಣವರಿದ್ದಾಗ ಆ ಮನೆಯಲ್ಲಿ ಯಾವಾಗಲೂ ಬೆಕ್ಕಿತ್ತು, ಯಾರೂ ಯಾರನ್ನೂ ಹೀಗೆ ವಿಚಾರಣೆ ಮಾಡುತ್ತಿರಲಿಲ್ಲ, ಅದೂ ನಿಜ. ಆದರೆ ಆ ಬೆಕ್ಕುಗಳಲ್ಲಿ ಎಷ್ಟೋ ಒಂದು ದಿನ ಹೋದವು ಮತ್ತೆ ಬರಲಿಲ್ಲ, ಯಾರೂ ಹುಡುಕಲೂ ಇಲ್ಲ. ಕೊನೆಗೆ ದೊಡ್ಡಮ್ಮನೇ ಮಧ್ಯೆ ಬಂದು, ಪಾಷಾಣದ ಪೊಟ್ಟಣಗಳನ್ನೆಲ್ಲ ತೆಗೆಸಿ, ಇಲಿ ಬೋನು ತರಿಸಿ, ಅಕ್ಕಿಯನ್ನು ಡ್ರಮ್ಮಿಗೆ ತುಂಬಿಸಿ ನನಗೆ ಫೋನ್ ಮಾಡಿದರು. ಹೊತ್ತು ಹೊತ್ತಿಗೆ ಊಟ ಹಾಕುತ್ತೇವೆ, ರಾತ್ರಿ ಒಳಗೇ ಮಲಗಿಸುತ್ತೇವೆ ಅಂತಲೂ ಹೇಳಿದರು. ಇಲಿ ಹಿಡಿಯಲಿ ಅಂತ ಹೊಟ್ಟೆಗೆ ಹಾಕದೆ ಬಿಡುವುದು ಕೆಲವರ ಲೆಕ್ಕ, ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಆಡುತ್ತದೆ. ಎರಡು ಕೇಸರಿ ಮರಿಗಳೂ ಒಟ್ಟಿಗೆ ಅಲ್ಲಿಗೆ ಹೋದವು. ಒಟ್ಟಿಗೆ ಕೊಡುವುದು ನನಗೆ ಇಷ್ಟ, ಒಂದಕ್ಕೊಂದು ಆಡಿಕೊಂಡಿದ್ದರೆ ಮನುಷ್ಯರ ಕೈ ಕಾಲು ಪರಚುವುದು ಕಡಿಮೆ.

ಮುಂದೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕು ಅಂದಾಗ "ಗಂಡಿಗ್ಯಾಕೆ ಆಪರೇಷನ್?" ಅಂತ ದೊಡ್ಡಪ್ಪನೂ ಕೇಳಿದರು, ಎಲ್ಲರೂ ಕೇಳುತ್ತಾರೆ. ಗಂಡು ಬೆಕ್ಕು ಹೆಣ್ಣನ್ನು ಹುಡುಕಿಕೊಂಡು ದೂರ ದೂರ ಅಲೆಯುತ್ತದೆ, ಜಗಳದಲ್ಲಿ ಗಾಯ ಮಾಡಿಕೊಳ್ಳುತ್ತದೆ, ಮನೆಯೆಲ್ಲ ವಾಸನೆ ಮಾಡುತ್ತದೆ. ಹೆಣ್ಣಾದರಂತೂ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಮತ್ತೆ ಎರಡು ತಿಂಗಳಲ್ಲಿ ಮರಿ. ಒಂದು ಮರಿಗೆ ಮನೆ ಹುಡುಕಲು ಇಷ್ಟು ಓಡಾಡಿ, ಆ ಮರಿಯೇ ಮುಂದಿನ ವರ್ಷ ನಾಲ್ಕು ಹಾಕಿದರೆ ನಾವು ಮಾಡಿದ್ದೇನು? ಅದಕ್ಕೇ ಆಪರೇಷನ್‌ಗೆ ಒಪ್ಪದವರಿಗೆ ಮರಿ ಇಲ್ಲ, ಈ ಒಂದು ವಿಷಯದಲ್ಲಿ ಸಡಿಲ ಮಾಡುವುದೇ ಇಲ್ಲ. ಆಪರೇಷನ್‌ನ ಸಮಯ ಹತ್ತಿರ ಬಂದಾಗ ನಾನೇ ಫೋನ್ ಮಾಡಿ ನೆನಪಿಸುತ್ತೇನೆ. ದೊಡ್ಡಪ್ಪ ಶಿವಮೊಗ್ಗದ ವೆಟರಿನರಿ ಕಾಲೇಜಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ.

ತಾಯಿಯನ್ನು ಮರೆಯುವವರು ಬಹಳ. ಮರಿಗಳು ಹೋದವು, ಕೆಲಸ ಮುಗಿಯಿತು ಅನ್ನಿಸುತ್ತದೆ, ಆದರೆ ಬೆಕ್ಕು ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಮರಿಗಳು ಗಟ್ಟಿ ಊಟ ತಿನ್ನಲು ಕಲಿತು, ಹಾಲು ಇಂಗುತ್ತಿದ್ದ ಹಾಗೆ ತಾಯಿಯನ್ನು ಬೋನಿನಲ್ಲಿ ಹಿಡಿದು ಆಪರೇಷನ್ ಮಾಡಿಸಿದೆವು. ಖರ್ಚಿಗೆ ನಮ್ಮ ಬೀದಿಯ ಮೂರು ಮನೆಯವರು ಸೇರಿಕೊಂಡರು. ಈಗ ಚೆನ್ನಾಗಿ ತಿನ್ನುತ್ತಿದೆ.

ಕಪ್ಪು ಮರಿ ಇನ್ನೂ ನಮ್ಮಲ್ಲೇ ಇದೆ. ಹೆಣ್ಣು, ಮೂರು ತಿಂಗಳು, ಮೊದಲ ಲಸಿಕೆ, ಬೂಸ್ಟರ್ ಎರಡೂ ಆಗಿದೆ, ಲಿಟರ್ ಅಭ್ಯಾಸ ಇದೆ, ಮಡಿಲಿಗೆ ತಾನಾಗಿಯೇ ಬಂದು ಮಲಗುತ್ತದೆ. ನೋಡಲು ಬಂದವರು ಬಣ್ಣ ನೋಡಿ, ಅಪಶಕುನ ಅಂತ ಅತ್ತೆ ಬಯ್ಯುತ್ತಾರೆ ಅಂದುಕೊಂಡು ವಾಪಸ್ ಹೋದರು. ಆ ಭಯ ಇಲ್ಲದ ಮನೆ, ಬೆಂಗಳೂರು ಅಥವಾ ಮೈಸೂರು, ಕಿಟಕಿ ಬಾಲ್ಕನಿಗೆ ಮೆಶ್ ಇರಬೇಕು, ಮನೆಯವರೆಲ್ಲ ಒಪ್ಪಿರಬೇಕು. ನಿಮಗೆ ಗೊತ್ತಿರುವವರು ಇದ್ದರೆ ಹೇಳಿ. ಮರಿಯನ್ನು ನಾನೇ ತಂದು ಬಿಡುತ್ತೇನೆ, ಮನೆಯನ್ನೂ ನೋಡಿದಂತಾಗುತ್ತದೆ. ಯಾವ ಕಾರಣಕ್ಕಾದರೂ ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ನನಗೇ ವಾಪಸ್ ಕೊಡಿ, ಎಷ್ಟು ವರ್ಷದ ಮೇಲಾದರೂ ಸರಿ.