ದೊಡ್ಡಮ್ಮನ ಮಂಡಿಯ ಸೊನ್ನೆ

“ಕಾಲು ಪೂರ್ತಿ ನೇರ ಮಾಡಿ ದೊಡ್ಡಮ್ಮ, ಸೊನ್ನೆ ಒತ್ತುತ್ತೇನೆ” ಎಂದೆ. “ನೇರವಾಗುವುದಿಲ್ಲವೆಂದು ತಾನೇ ಮಾರಾಯ, ನೀನು ಅಳೆಯಲು ಬಂದದ್ದು?” ಎಂದರು. ಭಾನುವಾರ ಮಂಗಳೂರಿನ ಕುಲಶೇಖರದಲ್ಲಿ ಕೇಳಿದ ಮಾತು, ಗುರುವಾರವಾದರೂ ಕಿವಿಯಿಂದ ಇಳಿದಿಲ್ಲ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಂಡಿಯ ಕೋನ ಅಳೆಯುವ ಸಾಧನ ಮಾಡುತ್ತಿದ್ದೇವೆ. ಯಾವ ಸೆನ್ಸರ್ ಎಂಬ ಚರ್ಚೆಯಲ್ಲೇ ಮೂರು ವಾರ ಕಳೆಯಿತು. ಬಾಗಿದಂತೆ ರೋಧ ಬದಲಾಗುವ ಫ್ಲೆಕ್ಸ್ ಸೆನ್ಸರ್, ಒಂದೇ ಅಳತೆಗೆ ಬಾಗಿಸಿದರೂ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಅಂಕಿ ಕೊಟ್ಟಿತು. ತಿರುಗುವ ವೇಗ ಅಳೆಯುವ ಗೈರೋಸ್ಕೋಪಿನ ಕೋನ ಸುಮ್ಮನಿಟ್ಟರೂ ಮೆಲ್ಲಗೆ ಸರಿಯುತ್ತದೆ. ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್ ಸಾಕೆಂದು ನನ್ನ ವಾದ. ಜೊತೆಗಾರನಿಗೆ ದಶಮಾಂಶದ ಮೋಹ. ಬುದ್ಧಿವಂತ, ಆದರೆ ಹಟಮಾರಿ. ಕೊನೆಗೆ ಅವನ ಎಎಸ್5600 ಎಂಬ ಸೆನ್ಸರ್ ಚಿಪ್ ಗೆದ್ದಿತು. ತಿರುಗುವ ಅಯಸ್ಕಾಂತವನ್ನು ನೋಡಿ ಒಂದು ಸುತ್ತನ್ನು 4096 ಪಾಲು ಮಾಡುತ್ತದೆ. ಪಾಲಿಗೆ ಸುಮಾರು 0.09 ಡಿಗ್ರಿ.

ದೊಡ್ಡಮ್ಮನಿಗೆ ಮಂಡಿ ಬದಲಿಸಿ ಆರು ವಾರ. ಸೆಕೆಗೆ ಬೆವರಿದ ಕಾಲಿನಿಂದ ಪಟ್ಟಿ ಎರಡು ಸಲ ಜಾರಿತು. ಬಿಗಿದು ಕಟ್ಟಿ, ಆಗಿರುವ ಕೋನವನ್ನೇ ಸೊನ್ನೆಯೆಂದು ಹಿಡಿಯುವ ಗುಂಡಿ ಒತ್ತಿದೆ. ಪರದೆಯಲ್ಲಿ 0.00. ಆದರೆ ಅವರ ಮಂಡಿಗೂ ಮಂಚಕ್ಕೂ ನಡುವೆ ನನ್ನ ಅಂಗೈ ಸಲೀಸಾಗಿ ತೂರುತ್ತಿತ್ತು.

ಅಷ್ಟರಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿ ಮೇಡಂ ಬಂದರು. ಬೆರಳಿನಿಂದಲೇ ತೊಡೆಯ ಮೇಲ್ಬದಿಯ ಮೂಳೆ, ಮಂಡಿಯ ಪಕ್ಕದ ಉಬ್ಬು, ಪಾದದ ಗಂಟಿನ ಹೊರಗುಬ್ಬು ಹುಡುಕಿ, ಕೋನ ಅಳೆಯುವ, ಅಂಚು ಸವೆದ ಪ್ಲಾಸ್ಟಿಕ್ ಗೋನಿಯೋಮೀಟರ್ ಇಟ್ಟರು. ನೇರವಾಗಲು 12 ಡಿಗ್ರಿ ಬಾಕಿ. ಮಡಚಿದಾಗ ಮೇಡಂ ಅಳತೆ 98, ನಮ್ಮದು 86. ಯಾವ ಕೊರತೆಯನ್ನು ತೋರಿಸಬೇಕಿತ್ತೋ ಅದನ್ನೇ ನಾನು ಗುಂಡಿ ಒತ್ತಿ ಅಳಿಸಿಬಿಟ್ಟಿದ್ದೆ.

“ನೇರವಾಗುವುದಿಲ್ಲವೆಂದು ತಾನೇ ಮಾರಾಯ.” ಪ್ರಯೋಗಾಲಯದಲ್ಲಿ ನಾವು ಪರೀಕ್ಷಿಸಿದ್ದೆಲ್ಲ ನಮ್ಮದೇ ಕಾಲುಗಳ ಮೇಲೆ, ಇಪ್ಪತ್ತೊಂದು ವರ್ಷದ, ನೋವರಿಯದ ಕಾಲುಗಳ ಮೇಲೆ. ನೇರ ಕಾಲು ಎಲ್ಲರಿಗೂ ಇದ್ದೇ ಇರುತ್ತದೆಂದು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬರೆದಿದ್ದೆವು. ಅಂಕಿ ಕಡಿಮೆ ಬಂದಾಗ ದೊಡ್ಡಮ್ಮ ಮುಖ ಸಣ್ಣದು ಮಾಡಿ, “ಕಳೆದ ವಾರಕ್ಕಿಂತ ಹಿಂದೆ ಹೋದೆನಾ?” ಎಂದು ಕೇಳಿದ್ದು ನನಗೆ ಇನ್ನೂ ಚುಚ್ಚುತ್ತಿದೆ. ಅವರು ಒಂದು ಡಿಗ್ರಿಯೂ ಹಿಂದೆ ಹೋಗಿರಲಿಲ್ಲ.

ವಿದ್ಯುತ್ ಹೋಗಿ ಬಂದರೂ ಎಎಸ್5600 ಗೆ ಅಯಸ್ಕಾಂತದ ಕೋನ ತಿಳಿದೇ ಇರುತ್ತದೆ. ಪ್ರತಿ ಸಲ ಸೊನ್ನೆ ಒತ್ತುವ ಅಗತ್ಯವೇ ಇರಲಿಲ್ಲ. ನಿನ್ನೆ ಸಾಧನದ ಎರಡು ತೋಳುಗಳನ್ನು ಮೇಜಿನ ಮೇಲೆ ಉಕ್ಕಿನ ಅಳತೆಪಟ್ಟಿಗೆ ಒತ್ತಿ ಹಿಡಿದು, ಅಲ್ಲಿ ಬಂದ ಅಂಕಿಯನ್ನೇ ಸೊನ್ನೆಯೆಂದು ಉಳಿಸಿದೆವು. ಗುಂಡಿಯನ್ನು ಜೊತೆಗಾರನೇ ಬಿಚ್ಚಿ ತೆಗೆದ. ಮೂರು ಮೂಳೆ ಹುಡುಕುವುದನ್ನು ಮೇಡಂ ಶನಿವಾರ ಕಲಿಸುತ್ತಾರಂತೆ. ಕಾಲು ಕೊಡಲು ದೊಡ್ಡಮ್ಮ ಒಪ್ಪಿದ್ದಾರೆ.