ಒಂದು ಉದಾಹರಣೆ ಕೊಡಿ

ಸಂದರ್ಶನಕ್ಕೆ ಮೂವರು ಕೂತಿದ್ದರು. ಮೊದಲ ಹತ್ತು ನಿಮಿಷ ಚೆನ್ನಾಗೇ ನಡೆಯಿತು. ಡೇಟಾಬೇಸ್ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ ಮಧ್ಯದಲ್ಲಿದ್ದವರು ಕುರ್ಚಿಗೆ ಒರಗಿ, "ಕೆಲಸದಲ್ಲಿ ಏನಾದರೂ ಕಷ್ಟ ಬಂದಾಗ ಹೇಗೆ ನಿಭಾಯಿಸಿದಿರಿ? ಒಂದು ಉದಾಹರಣೆ ಕೊಡಿ" ಅಂದರು.

ನನ್ನ ತಲೆಯೊಳಗೆ ಏನೂ ಇರಲಿಲ್ಲ. ಒಂಬತ್ತು ವರ್ಷ ದುಡಿದಿದ್ದೇನೆ, ಕಷ್ಟ ಬಾರದೆ ಇರುತ್ತದೆಯೇ? ಆದರೆ ನನ್ನ ನೆನಪುಗಳ ಮೇಲೆ 'ಕಷ್ಟ', 'ನಿಭಾಯಿಸಿದ್ದು' ಅಂತ ಚೀಟಿ ಅಂಟಿಸಿಲ್ಲ. ಇರುವ ಚೀಟಿಗಳೇ ಬೇರೆ: ಫ್ಯಾನಿನ ಕಿರ್‌ಕಿರ್, ಯಾರದೋ ಬಾಟಲಿಯ ನೀಲಿ ಮುಚ್ಚಳ, ಗೋಡೆಯ ಗಡಿಯಾರದಲ್ಲಿ 4:17.

ಮೇಜನ್ನೇ ನೋಡುತ್ತಾ ಕೂತೆ. ಅಂಚಿನ ಪಟ್ಟಿ ಕಿತ್ತು ಬಂದಿತ್ತು, ಅದಕ್ಕೆ ಕಂದು ಟೇಪ್ ಸುತ್ತಿದ್ದರು. "ಅವಸರ ಇಲ್ಲ, ಯೋಚಿಸಿ ಹೇಳಿ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಯೋಚಿಸಿದಷ್ಟೂ ಟೇಪಿನ ಸುಕ್ಕುಗಳು ಇನ್ನಷ್ಟು ಸ್ಪಷ್ಟವಾದವು. "ಅಂಥದ್ದೇನೂ ನೆನಪಾಗ್ತಿಲ್ಲ ಸರ್" ಅಂದೆ. ಅವರು ಏನೋ ಬರೆದುಕೊಂಡರು.

ಎಡಗಡೆ ಕೂತಿದ್ದ ಮೇಡಂ ನನ್ನ ರೆಸ್ಯೂಮೆ ತಿರುವಿ ಹಾಕುತ್ತಿದ್ದರು. "ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಯಿಸಿದ್ದು ಅಂತ ಬರೆದಿದ್ದೀರಲ್ಲ, ಹಳೇದನ್ನ ನಿಲ್ಲಿಸಿದ ದಿನ ಏನಾಯ್ತು?"

ಅಷ್ಟೇ ಸಾಕಾಯಿತು. ಅವತ್ತು ಶನಿವಾರ. ಹಳೆಯದು ದಿನವನ್ನು ಮೊದಲು ಬರೆಯುತ್ತಿತ್ತು, ಹೊಸದು ತಿಂಗಳನ್ನು. ಏಪ್ರಿಲ್ 3ರ ಬಿಲ್ಲು ಮಾರ್ಚ್ 4ಕ್ಕೆ ಹೋಗಿ ಕೂತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. 13ನೇ ತಾರೀಕಿನಿಂದ ಮುಂದಿನವು ಒಳಗೇ ಬಂದಿರಲಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ! ಕಾಣೆಯಾದ ಬಿಲ್ಲುಗಳ ಬೆನ್ನು ಹತ್ತಿ ಹೋಗಿ ತಪ್ಪು ಹಿಡಿದವಳು ನಾನೇ. ಯಾರು ಯಾವ ಕುರ್ಚಿಯಲ್ಲಿದ್ದರು, ಯಾವ ಕೀಬೋರ್ಡಿನಲ್ಲಿ ಎಂಟರ್ ಕೀ ಅಂಟಿಕೊಳ್ಳುತ್ತಿತ್ತು, ಎಲ್ಲ ಹೇಳಿದೆ. ಕೊನೆಗೆ ಅವರೇ ತಡೆಯಬೇಕಾಯಿತು. ಮಧ್ಯದವರು ಕೇಳಿದ್ದ ಪ್ರಶ್ನೆಗೂ ಇದೇ ಉತ್ತರ ಅಂತ ನನಗೆ ಹೊಳೆದದ್ದು ಲಿಫ್ಟಿನಲ್ಲಿ. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ನನಗೆ ಆಟಿಸಂ ಇದೆ ಅಂತ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಹಾಗಂದ ತಕ್ಷಣ ಜನ "ಓ, ನಿಮಗೆ ಎಲ್ಲಾ ನೆನಪಿರುತ್ತೆ ಅಲ್ವಾ" ಅನ್ನುತ್ತಾರೆ. ಈ ನಂಬಿಕೆ ಹಳೆಯದು. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇರುವ ಹನ್ನೊಂದು ಮಕ್ಕಳ ಬಗ್ಗೆ ಬರೆದಾಗಲೇ ಅವರ ಬಾಯಿಪಾಠದ ಶಕ್ತಿಯನ್ನು ಗುರುತಿಸಿದ್ದರು. ಗೊತ್ತಿರುವ ಸಂಗತಿಯ ನೆನಪು ಬೇರೆ, ನಾವೇ ಅನುಭವಿಸಿದ ಘಟನೆಯ ನೆನಪು ಬೇರೆ ಎಂದು ಮನೋವಿಜ್ಞಾನಿ ಎಂಡೆಲ್ ಟಲ್ವಿಂಗ್ ವಿಂಗಡಿಸಿದ್ದು 1972ರಲ್ಲಿ. ನಮ್ಮಲ್ಲಿ ಅನೇಕರು ತಡವರಿಸುವುದು ಎರಡನೆಯದರಲ್ಲಿ. ಅಲ್ಲೂ ನೆನಪು ಅಳಿಸಿಹೋಗಿದೆ ಎಂದಲ್ಲ. ಆಟಿಸಂ ಇರುವವರ ನೆನಪಿನ ಬಗ್ಗೆ ಸಂಶೋಧಿಸಿದ ಡರ್ಮಟ್ ಬೌಲರ್ ಮತ್ತು ಜೊತೆಗಾರರು ತೋರಿಸಿದಂತೆ, ತಾವಾಗಿಯೇ ನೆನಪಿಸಿಕೊಳ್ಳಿ ಅಂದರೆ ಹಿಂದೆ ಬೀಳುವವರು, ಸುಳಿವೊಂದನ್ನು ಮುಂದಿಟ್ಟರೆ ಬಹುಮಟ್ಟಿಗೆ ಉಳಿದವರ ಸಮಕ್ಕೆ ಬರುತ್ತಾರೆ. ಇದನ್ನು ಓದಿದಾಗ ಖುಷಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ನನ್ನನ್ನು ನಾನೇ ಸುಳ್ಳಿ ಅಂದುಕೊಂಡಿದ್ದೆನಲ್ಲ.

ಸಂದರ್ಶನದ ದಿನ ರಾತ್ರಿ ಅಕ್ಕ ಫೋನ್ ಮಾಡಿದಳು.

"ಹೇಗಾಯ್ತೇ?"

"ಆಯ್ತು."

ಅವಳು ಅದನ್ನು ಅಲ್ಲಿಗೇ ಬಿಡುವವಳಲ್ಲ. "ಎದುರಿಗೆ ಮೇಜಿತ್ತಾ?"

"ಇತ್ತು. ಅಂಚು ಕಿತ್ತುಬಂದಿತ್ತು, ಟೇಪ್ ಸುತ್ತಿದ್ರು."

"ಟೇಪ್ ನೋಡ್ತಾ ಇದ್ದಾಗ ಯಾರು ಮಾತಾಡ್ತಿದ್ರು?"

ಅಲ್ಲಿಂದ ಶುರುಮಾಡಿ ಮುಕ್ಕಾಲು ಗಂಟೆ ಹೇಳಿದೆ.